ಕೊರವ ಮೀನಿಗೆ ಗಾಳ: ದಂಡೆಯಲ್ಲಿ ಕುಳಿತು ಕಲಿಯುವ ವಿದ್ಯೆ

ಗಾಳ ಹಾಕಿ ಮೀನು ಹಿಡಿಯುವುದು ನಮ್ಮ ಹಳ್ಳಿಗಳಿಗೆ ಹೊಸ ವಿದ್ಯೆಯೇನಲ್ಲ. ಮಳೆಗಾಲದಲ್ಲಿ ಕೋಡಿ ಹರಿಯುವ ಕಡೆ, ಬೇಸಿಗೆಯಲ್ಲಿ ತೂಬಿನ ಮಡುವಿನ ಬಳಿ ಬಿದಿರುಕೋಲು ಹಿಡಿದು ಕುಳಿತವರನ್ನು ಕೆರೆಯಿರುವ ಊರುಗಳಲ್ಲೆಲ್ಲ ಕಾಣಬಹುದು. ಆದರೆ ಇವರಲ್ಲಿ ಹೆಚ್ಚಿನವರು ಹತ್ತು ವರ್ಷ ಗಾಳ ಹಾಕಿದ ಮೇಲೂ ಮೊದಲನೆಯ ವರ್ಷ ಎಲ್ಲಿದ್ದರೋ ಅಲ್ಲಿಯೇ ಇರುತ್ತಾರೆ. ಎಲ್ಲೋ ಒಬ್ಬಿಬ್ಬರು ಮಾತ್ರ ಅದೇ ಕೆರೆಯಿಂದ, ಅಂಥದೇ ಕೋಲಿನಿಂದ, ಬೇರೆಯವರು ಬರಿಗೈಯಲ್ಲಿ ಮರಳುವ ದಿನವೂ ಒಂದು ಮೀನು ಹಿಡಿದು ಮನೆಗೆ ಬರುತ್ತಾರೆ. ಊರವರು ಇದನ್ನು ಕೈಗುಣವೆನ್ನುತ್ತಾರೆ. ಅಂಥವರ ಪಕ್ಕದಲ್ಲಿ ನಾಲ್ಕು ದಿನ ಕುಳಿತು ನೋಡಿದರೆ, ಗುಣ ಇರುವುದು ಕೈಯಲ್ಲಿ ಅಲ್ಲ, ಕಣ್ಣಿನಲ್ಲಿ ಎಂಬುದು ತಿಳಿಯುತ್ತದೆ.

ಬೇಸಾಯಶಾಸ್ತ್ರದವನಿಗೆ ಗಾಳದ ಉಸಾಬರಿ ಏಕೆಂದು ಓದುಗರು ಕೇಳಬಹುದು. ರಜೆಯ ದಿನ ಕೆರೆಯ ದಂಡೆಗೆ ಹೋಗುವ ಚಟ ನನಗಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿಮ್ಮ ಹೊಲದಲ್ಲಿಯೇ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಮಳೆಯಾಶ್ರಿತ ಪ್ರದೇಶಗಳಲ್ಲಿ ಸಾಕಷ್ಟು ಕೃಷಿ ಹೊಂಡಗಳಾಗಿವೆ. ಹಲವು ರೈತರು ಅವುಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟಿದ್ದಾರೆ. ನೀರನ್ನು ನೋಡಿ ತಿಳಿಯಲು ಬಾರದಿದ್ದರೆ ವರ್ಷವಿಡೀ ಸಾಕಿದ ಮೀನನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವ ಸಂಭವವಿದೆ. ನೀರನ್ನು ನೋಡುವ ಅಭ್ಯಾಸವನ್ನು ಗಾಳದ ಕೋಲಿನಷ್ಟು ಚೆನ್ನಾಗಿ ಕಲಿಸುವ ಸಾಧನ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಎರಡು ಬೇಟೆ ಮೀನುಗಳು

ಅಮೆರಿಕದ ಹಳ್ಳಿಗಾಡಿನಲ್ಲಿ ಗಾಳ ಎಂದೊಡನೆ ಬಾಯಿಗೆ ಬರುವ ಹೆಸರು ಬಾಸ್ ಮೀನಿನದು. ಹಸಿರು ಮೈಯ, ಅಗಲ ಬಾಯಿಯ ಈ ಮೀನು ನೀರುಗಿಡಗಳ ಮರೆಯಲ್ಲಿ ಹೊಂಚು ಹಾಕಿ, ಹತ್ತಿರ ಸುಳಿದ ಸಣ್ಣ ಮೀನನ್ನೋ ಕಪ್ಪೆಯನ್ನೋ ಒಮ್ಮೆಲೇ ನುಂಗುತ್ತದೆ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಜಾರ್ಜ್ ಪೆರಿ ಎಂಬ 20 ವರ್ಷದ ರೈತ, ಮಳೆ ಸುರಿದು ಹೊಲ ಉಳಲು ಬಾರದಂತಾಗಿದ್ದರಿಂದ, ಗೆಳೆಯನೊಡನೆ ಮಾಂಟ್ಗೊಮೆರಿ ಸರೋವರಕ್ಕೆ ಗಾಳ ಹಾಕಲು ಹೋದ. ಅಂದು ಸಿಕ್ಕ ಬಾಸ್ 22 ಪೌಂಡು 4 ಔನ್ಸು, ಎಂದರೆ 10 ಕಿ.ಗ್ರಾಂ.ಗಿಂತ ಸ್ವಲ್ಪ ಹೆಚ್ಚು ತೂಗಿತು. ಮನೆಯವರು ಅದನ್ನು ಅಡಿಗೆ ಮಾಡಿ ಉಂಡರು. ಆ ತೂಕಕ್ಕೆ ಸರಿಸಮನಾದ ಇನ್ನೊಂದು ಬಾಸ್ ಸಿಕ್ಕಿದ್ದು 77 ವರ್ಷಗಳ ನಂತರ, 2009ರ ಜುಲೈ 2ರಂದು, ಜಪಾನಿನ ಬಿವಾ ಸರೋವರದಲ್ಲಿ, ಮನಾಬು ಕುರಿತಾ ಎಂಬುವರಿಗೆ. ಪೆರಿಯದು ಬರೀ ಅದೃಷ್ಟವೆಂದು ಹೇಳುವವರಿದ್ದಾರೆ. ಆದರೆ ಆತ ಅದೇ ಪತ್ರಿಕೆಯ ಗಾಳದ ಸ್ಪರ್ಧೆಯನ್ನು 1934ರಲ್ಲಿ ಇನ್ನೊಮ್ಮೆ ಗೆದ್ದನೆಂಬುದನ್ನೂ ನೆನಪಿಡಬೇಕು.

ನಮ್ಮ ಕೆರೆಗಳಲ್ಲಿ ಬಾಸ್ ಇರುವ ಜಾಗದಲ್ಲಿ ಇರುವುದು ಕೊರವ. ತೆಲುಗಿನಲ್ಲಿ ಇದು ಕೊರ್ರಮೀನು, ತಮಿಳಿನಲ್ಲಿ ವಿರಾಲ್, ಇಂಗ್ಲಿಷಿನಲ್ಲಿ ಮರೆಲ್. ಹಾವಿನಂಥ ತಲೆ, ಉರುಟಾದ ಉದ್ದನೆಯ ಮೈ, ಬೆನ್ನಿನುದ್ದಕ್ಕೂ ರೆಕ್ಕೆ, ಚೂಪಾದ ಹಲ್ಲು. ಮುಳ್ಳು ಕಡಮೆ, ರುಚಿ ಹೆಚ್ಚು. ಆದ್ದರಿಂದ ಬೆಲೆಯೂ ಹೆಚ್ಚು. ಜೊಂಡು, ತಾವರೆ, ಅಂತರಗಂಗೆ ಬೆಳೆದ ಅಂಚಿನ ನೀರಿನಲ್ಲಿ ಇದರ ವಾಸ. ಸ್ವಭಾವದಲ್ಲಿ ಇವೆರಡೂ ಎಷ್ಟು ಹತ್ತಿರವೆಂದರೆ, ಬಾಸ್‌ಗಾಗಿ ತಯಾರಾದ ರಬ್ಬರಿನ ಕಪ್ಪೆಗೆ ನಮ್ಮ ಕೊರವವೂ ಬಾಯಿ ಹಾಕುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅದನ್ನು ತಿಳಿದವನಿಗೆ ಅರ್ಧ ಕೆಲಸ ಮುಗಿದಂತೆ.

ಉಸಿರೇ ಸುಳಿವು

ಬಾಸ್ ಮೀನು ಕಿವಿರುಗಳಿಂದ ಮಾತ್ರ ಉಸಿರಾಡುತ್ತದೆ. ಅದು ತಳದಲ್ಲಿ ಎಲ್ಲಿ ಅಡಗಿದೆಯೆಂದು ದಂಡೆಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ, ಊಹಿಸಬೇಕು. ಕೊರವದ ತಲೆಯಲ್ಲಿ ಕಿವಿರುಗಳ ಮೇಲ್ಭಾಗಕ್ಕೆ ಗಾಳಿ ತುಂಬಿಕೊಳ್ಳುವ ಒಂದು ಗೂಡು ಇದೆ. ಕಿವಿರಿನ ಉಸಿರು ಅದಕ್ಕೆ ಸಾಲದು. ಮೇಲೆ ಬಂದು ಗಾಳಿ ಕುಡಿಯದಂತೆ ತಡೆದರೆ ಅದು ಶುದ್ಧ ನೀರಿನಲ್ಲಿಯೂ ಉಸಿರುಗಟ್ಟಿ ಸಾಯುತ್ತದೆ. ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತು ಬದುಕುವುದು, ಮಳೆಯಲ್ಲಿ ಒದ್ದೆ ನೆಲದ ಮೇಲೆ ತೆವಳಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವುದು ಎಲ್ಲವೂ ಈ ಗೂಡಿನಿಂದಲೇ ಸಾಧ್ಯವಾಗಿದೆ. ನಮಗೆ ಬೇಕಾದ ವಿಷಯವೆಂದರೆ, ಪ್ರತಿಯೊಂದು ಕೊರವವೂ ಕೆಲವು ನಿಮಿಷಗಳಿಗೊಮ್ಮೆ ತಾನಿರುವ ಜಾಗವನ್ನು ತಾನೇ ತೋರಿಸಿಕೊಡುತ್ತದೆ.

ಆದ್ದರಿಂದ ಕಲಿಯುವವರಿಗೆ ನನ್ನ ಮೊದಲ ಸಲಹೆ: ಮೊದಲ ಐದಾರು ದಿನ ಕೆರೆಗೆ ಹೋಗುವಾಗ ಗಾಳವನ್ನು ಮನೆಯಲ್ಲೇ ಬಿಡಿ. ಒಂದು ಕೈಗಡಿಯಾರ ಸಾಕು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ದಂಡೆ ಸೇರಿ, ಸೂರ್ಯನಿಗೆ ಎದುರಾಗದಂತೆ, ನಿಮ್ಮ ನೆರಳು ನೀರಿಗೆ ಬೀಳದಂತೆ ಕುಳಿತುಕೊಳ್ಳಿ. ನೀರಿನ ಮೇಲೆ ಏಳುವ ಪ್ರತಿಯೊಂದು ಸುಳಿಯನ್ನೂ ನೋಡಿ, ಅದು ಯಾವುದರದೆಂದು ಹೇಳಲು ಯತ್ನಿಸಿ. ಗೆಂಡೆ ಬೆನ್ನು ತೋರಿಸಿ ಹೊರಳುತ್ತದೆ. ಅದರ ಉಂಗುರ ದೊಡ್ಡದು, ನಿಧಾನವಾದುದು. ಜಿಲೇಬಿ ಮೀನು ಚುಕ್ಕೆ ಚುಕ್ಕೆಯಾಗಿ ಕುಟುಕುತ್ತದೆ. ಆಮೆ ಮೂಗಿನ ತುದಿಯನ್ನು ಎತ್ತಿ ಸ್ವಲ್ಪ ಹೊತ್ತು ಹಾಗೆಯೇ ಇರುತ್ತದೆ. ಕೊರವ ಹಾಗಲ್ಲ. ಒಂದು ಗುಟುಕು, 'ಗುಳುಕ್' ಎಂಬ ಒಂದು ಸದ್ದು, ಕೆಲವೊಮ್ಮೆ ಒಂದೆರಡು ಗುಳ್ಳೆ, ಅಷ್ಟೇ. ತಲೆ ಎತ್ತಿ ನೋಡುವ ಹೊತ್ತಿಗೆ ಅದು ಕೆಳಗಿಳಿದಿರುತ್ತದೆ.

ಒಂದು ಗುಟುಕು ಕಂಡ ಕೂಡಲೇ ಹೊತ್ತು ನೋಡಿಕೊಳ್ಳಿ. ಎದುರಿನ ದಂಡೆಯ ಮರವನ್ನೋ ಕಲ್ಲನ್ನೋ ಗುರುತಿಟ್ಟು ಜಾಗವನ್ನು ಮನಸ್ಸಿನಲ್ಲಿ ನೆಡಿ. ಗದ್ದಲವಾಗದಿದ್ದರೆ ಅದೇ ಮೀನು ಸಾಮಾನ್ಯವಾಗಿ ಅಲ್ಲೇ ಆಸುಪಾಸಿನಲ್ಲಿ ಮತ್ತೆ ಮೇಲೇಳುತ್ತದೆ. ನಡುವೆ ಕಳೆದ ನಿಮಿಷಗಳೆಷ್ಟು? ಈ ಅಂತರ ಎಲ್ಲ ದಿನವೂ ಒಂದೇ ಅಲ್ಲ. ನೀರು ಬೆಚ್ಚಗಾದಷ್ಟೂ ಮೀನಿಗೆ ಉಸಿರು ಹೆಚ್ಚು ಬೇಕು, ಆದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಒಂದು ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಿ.ಗ್ರಾಂ. ಮಾತ್ರ. ಹೀಗಾಗಿ ಚೈತ್ರ ವೈಶಾಖದಲ್ಲಿ ಕೊರವ ಬೇಗ ಬೇಗ ಮೇಲೇಳುತ್ತದೆ, ಮಾಗಿಯ ಬೆಳಗಿನಲ್ಲಿ ಬಹಳ ಹೊತ್ತು ಕಾಯಿಸುತ್ತದೆ. ಮಾಗಿಯಲ್ಲಿ ಗುಟುಕು ಕಾಣಲಿಲ್ಲವೆಂದು ಮೀನೇ ಇಲ್ಲವೆಂದು ತೀರ್ಮಾನಿಸಿ ಎದ್ದುಬರುವವರೇ ಹೆಚ್ಚು.

ಹೀಗೆ ಆರು ಬೆಳಗು ಕಳೆದವನಿಗೆ ಕೆರೆಯ ಯಾವ ಮೂಲೆಯಲ್ಲಿ ಎಷ್ಟು ಕೊರವಗಳಿವೆ, ಅವು ದೊಡ್ಡವೋ ಚಿಕ್ಕವೋ ಎಂಬ ಅಂದಾಜು ಸಿಗುತ್ತದೆ. ಗಾಳ ಹಿಡಿದು ಹೋದವನ ಕಣ್ಣು ಬೆಂಡಿನ ಮೇಲೆಯೇ ಇರುವುದರಿಂದ ಆರು ತಿಂಗಳಾದರೂ ಅವನಿಗೆ ಇದು ತಿಳಿಯುವುದಿಲ್ಲ.

ಒಂದು ಕೆರೆ, ಒಂದು ಪುಸ್ತಕ

ಈ ವಾರ ಒಂದು ಕೆರೆ, ಮುಂದಿನ ವಾರ ಇನ್ನೊಂದು ಎಂದು ಅಲೆಯುವುದರಿಂದ ಕಲಿಕೆ ಆಗುವುದಿಲ್ಲ. ಪ್ರಯೋಗ ತಾಕಿನಲ್ಲಿ ಗೊಬ್ಬರದ ಪ್ರಮಾಣವನ್ನು ಪರೀಕ್ಷಿಸುವಾಗ ನಾವು ತಳಿಯನ್ನಾಗಲಿ ಬಿತ್ತನೆಯ ಹೊತ್ತನ್ನಾಗಲಿ ಬದಲಿಸುವುದಿಲ್ಲ. ಬದಲಿಸಿದರೆ ಇಳುವರಿ ಹೆಚ್ಚಿದ್ದು ಯಾವುದರಿಂದ ಎಂದು ಹೇಳಲಾಗದು. ಗಾಳಕ್ಕೂ ಇದೇ ನಿಯಮ. ಕನಿಷ್ಠ ಒಂದು ವರ್ಷ, ಎಂದರೆ ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಿಗೆ, ಒಂದೇ ಕೆರೆಯನ್ನು ಹಿಡಿದು ಕೂರಬೇಕು. ಎರೆಯನ್ನು ಬದಲಿಸಿದ ದಿನ ಜಾಗವನ್ನು ಬದಲಿಸಬಾರದು. ಜಾಗ ಬದಲಿಸಿದ ದಿನ ಎರೆ ಹಳೆಯದೇ ಇರಲಿ.

ಒಂದು ಸಣ್ಣ ನೋಟುಪುಸ್ತಕ ಇಡಬೇಕು. ಮೊಬೈಲಿನಲ್ಲಿ ಬರೆದಿಟ್ಟರೂ ಆದೀತು, ಆದರೆ ಒದ್ದೆ ಕೈಗೆ ಸೀಸದಕಡ್ಡಿಯೇ ಅನುಕೂಲ. ಉದ್ದಕ್ಕೆ ಬರೆಯುವುದು ಬೇಡ. "ಆರಿದ್ರಾ ಎರಡನೆಯ ಪಾದ. ರಾತ್ರಿ ಮಳೆ, ಬೆಳಿಗ್ಗೆ ಮೋಡ. ಹೊಸನೀರು ಬಂದು ಕೆಂಪಾಗಿದೆ. ಪಶ್ಚಿಮದ ಜೊಂಡಿನಂಚು, 6ರಿಂದ 8. ಗುಟುಕು ನಾಲ್ಕು. ಕಚ್ಚಲಿಲ್ಲ." ಇಷ್ಟು ಬರೆದರೆ ಸಾಕು. ಕೊನೆಯ ಆ ನಾಲ್ಕು ಅಕ್ಷರದ ಮಾತನ್ನು, ಕಚ್ಚಲಿಲ್ಲ ಎಂಬುದನ್ನು, ಬಹಳ ಜನ ಬರೆಯುವುದೇ ಇಲ್ಲ. ಮೀನು ಸಿಕ್ಕ ದಿನವನ್ನು ಬರೆಯದಿದ್ದರೂ ಅದು ಮರೆಯುವುದಿಲ್ಲ. ಬರಿಗೈಯಲ್ಲಿ ಬಂದ ದಿನದ ವಿವರವೇ ಮರೆತುಹೋಗುವಂಥದು, ಪಾಠವಿರುವುದೂ ಅದರಲ್ಲಿಯೇ. ವರ್ಷದ ಕೊನೆಗೆ ಒಮ್ಮೆ ಕುಳಿತು ಪುಟ ತಿರುವಿದರೆ, ಯಾವ ಗಾಳಿಗೆ ಯಾವ ದಂಡೆ, ನೀರು ಎಷ್ಟು ಇಳಿದಾಗ ಯಾವ ಮಡು ಎಂಬುದು ತಾನಾಗಿ ಕಾಣತೊಡಗುತ್ತದೆ. ನಿಮ್ಮ ಕೆರೆಯ ಈ ವಿವರವನ್ನು ಯಾವ ವಿಜ್ಞಾನಿಯೂ ನಿಮಗೆ ಬರೆದು ಕೊಡಲಾರ.

ಕೈಗೆ ಅಭ್ಯಾಸ

ಎರೆಯನ್ನು ಜೊಂಡಿನ ನಡುವಿನ ಒಂದು ಮೊಳ ಜಾಗಕ್ಕೆ ಸದ್ದಿಲ್ಲದೆ ಇಳಿಸುವುದು ಅಭ್ಯಾಸದ ಕೆಲಸ. ಇದನ್ನು ಕೆರೆಯಲ್ಲಿ ಕಲಿಯಲು ಹೋದರೆ ಮೀನು ಓಡುತ್ತದೆ, ದಾರ ಗಿಡಕ್ಕೆ ಸುತ್ತುತ್ತದೆ. ಮನೆಯ ಮುಂದೆ ಅಥವಾ ಕಣದಲ್ಲಿ ಒಂದು ಮಂಕರಿಯನ್ನು ಇಟ್ಟು, ಕೊಕ್ಕೆ ಬಿಚ್ಚಿ ಅದರ ಬದಲು ಒಂದು ಸಣ್ಣ ನಟ್ಟನ್ನು ಕಟ್ಟಿ, ಹತ್ತು ಹೆಜ್ಜೆ ದೂರದಿಂದ ಎಸೆಯಿರಿ. ಹತ್ತಕ್ಕೆ ಎಂಟು ಮಂಕರಿಗೆ ಬೀಳುವವರೆಗೆ ಹಿಂದೆ ಸರಿಯಬೇಡಿ. ನಂತರ ಹದಿನೈದು ಹೆಜ್ಜೆ. ದಿನಕ್ಕೆ ಕಾಲು ಗಂಟೆಯಂತೆ ಒಂದು ತಿಂಗಳು ಮಾಡಿದ ಅಭ್ಯಾಸ, ತಿಂಗಳಿಗೊಮ್ಮೆ ಇಡೀ ದಿನ ಎಸೆದುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಎತ್ತಿಗೆ ನೊಗ ಕಲಿಸುವಾಗ ನೀವೇ ಇದನ್ನು ಕಂಡಿರುತ್ತೀರಿ.

ಸಾಮಾನಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಗಟ್ಟಿ ಬಿದಿರುಕೋಲು ಸಾಕು. ರೀಲಿನ ಕೋಲಿದ್ದರೆ ದೂರ ಎಸೆಯಬಹುದು. ಕೊರವ ಸಿಕ್ಕ ಕೂಡಲೇ ಗಿಡದೊಳಕ್ಕೆ ನುಗ್ಗುವುದರಿಂದ ನೈಲಾನ್ ದಾರ ದಪ್ಪನೆಯದೇ ಇರಬೇಕು. ಬಿಸಿಲಿನಲ್ಲಿ ನೈಲಾನ್ ಪೆಡಸಾಗುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬದಲಿಸಿ. ಗಂಟನ್ನು ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಿ ನಿಧಾನವಾಗಿ ಎಳೆಯಬೇಕು. ಒಣಗಂಟನ್ನು ಒಮ್ಮೆಲೇ ಜಗ್ಗಿದರೆ ಉಜ್ಜಿ ಬಿಸಿಯಾಗಿ ದಾರ ಅಲ್ಲಿಯೇ ಸೊರಗುತ್ತದೆ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಂಡರೆ ಚೂಪಾಗಿದೆ, ಜಾರಿದರೆ ಸಾಣೆ ಹಿಡಿಯಬೇಕು. ಕೊರವದ ಬಾಯಿ ಬರೀ ಎಲುಬು. ಮೊಂಡು ಕೊಕ್ಕೆ ಅದರಲ್ಲಿ ಇಳಿಯುವುದಿಲ್ಲ.

ಕಪ್ಪೆ ಮತ್ತು ಕಾಯುವಿಕೆ

ಕೊರವಕ್ಕೆ ಜೀವಂತ ಕಪ್ಪೆಯನ್ನು ಚುಚ್ಚುವುದು ಹಳೆಯ ರೂಢಿ. ಇದನ್ನು ಬಿಡಬೇಕೆಂದು ಬೇಸಾಯಶಾಸ್ತ್ರದವನಾಗಿ ಹೇಳುತ್ತೇನೆ. ಭತ್ತದ ಗದ್ದೆಯಲ್ಲಿ ರಾತ್ರಿಯಿಡೀ ಕೀಟ ಹಿಡಿಯುವ ಕೂಲಿಯಾಳು ಕಪ್ಪೆ. ವಿದೇಶಗಳಿಗೆ ಕಪ್ಪೆಯ ಕಾಲುಗಳನ್ನು ಕಳಿಸುವುದನ್ನು ಭಾರತ 1987ರಲ್ಲಿಯೇ ನಿಲ್ಲಿಸಿತು. ಪೇಟೆಯಲ್ಲಿ ಸಿಗುವ ರಬ್ಬರಿನ ಕಪ್ಪೆಯಲ್ಲಿ ಕೊಕ್ಕೆಗಳ ಮೊನೆ ಬೆನ್ನಿಗೆ ಅಂಟಿಕೊಂಡಿರುವುದರಿಂದ ಅದು ತಾವರೆ ಎಲೆಯ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಎಲೆಯ ಮೇಲೆ ಎಳೆದು, ಅಂಚಿನಿಂದ ನೀರಿಗೆ ಬೀಳಿಸಿ, ಒಂದು ಕ್ಷಣ ನಿಲ್ಲಿಸಿ, ಮತ್ತೆ ಎರಡು ಸಣ್ಣ ಜಗ್ಗು. ಗುಟುಕು ಕಂಡ ಜಾಗದ ತಲೆಯ ಮೇಲೆಯೇ ಹಾಕಬಾರದು. ನಾಲ್ಕು ಮೊಳ ಆಚೆಗೆ ಹಾಕಿ ಅದರ ಹತ್ತಿರಕ್ಕೆ ತರಬೇಕು.

ನೀರು ಒಡೆದು ಕೊರವ ಹಾರಿದಾಗ ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿ ಕೋಲನ್ನು ಎತ್ತುತ್ತದೆ. ಹೊಸಬರ ಮೀನು ತಪ್ಪುವುದು ಇಲ್ಲಿಯೇ. ಕೊರವ ಎರೆಯನ್ನು ಹಿಡಿದ ಕೂಡಲೇ ನುಂಗುವುದಿಲ್ಲ. ಬಾಯಲ್ಲಿ ಅಮುಕಿ, ಕೆಳಗೆ ಒಯ್ದು, ನಂತರ ಒಳಗೆಳೆದುಕೊಳ್ಳುತ್ತದೆ. ಸದ್ದಿಗೆ ಎಳೆಯಬಾರದು, ಭಾರಕ್ಕೆ ಎಳೆಯಬೇಕು. ದಾರ ಬಿಗಿಯಾಗಿ ಮೀನಿನ ಭಾರ ಕೈಗೆ ತಿಳಿದ ಮೇಲೆ ಮಾತ್ರ ಗಟ್ಟಿಯಾಗಿ ಒಮ್ಮೆ ಎತ್ತಿ. ಈ ಮಾತು ಓದಿದರೆ ಅರ್ಥವಾಗುತ್ತದೆ, ಆದರೆ ಕೈಗೆ ಬರುವುದಿಲ್ಲ. ಹತ್ತಿಪ್ಪತ್ತು ಮೀನು ತಪ್ಪಿದ ಮೇಲೆಯೇ ಅದು ಬರುವುದು. ಅಲ್ಲಿಯವರೆಗೆ ತಪ್ಪಿದ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆಯಿರಿ: ಹಾರಿದ ಮೇಲೆ ಎಷ್ಟು ಎಣಿಸಿದಿರಿ, ಯಾವಾಗ ಎಳೆದಿರಿ.

ಮರಿ ಕಾಯುವ ಕೊರವ

ಮುಂಗಾರಿನ ಹೊಸನೀರು ಬಂದ ಮೇಲೆ ಕೊರವ ಜೋಡಿಯಾಗಿ ಅಂಚಿನ ಗಿಡಗಳ ನಡುವೆ ಜಾಗ ಸವರಿ ಮೊಟ್ಟೆ ಇಡುತ್ತದೆ. ಎಣ್ಣೆಯ ಅಂಶವಿರುವ ಮೊಟ್ಟೆಗಳು ಹಳದಿ ಹರಳಿನಂತೆ ನೀರಿನ ಮೇಲೆ ತೇಲುತ್ತವೆ. ಮರಿಗಳು ಕೆಂಪು ಕಿತ್ತಳೆ ಬಣ್ಣದ ಮುದ್ದೆಯಾಗಿ ಒಟ್ಟಿಗೆ ತಿರುಗುತ್ತವೆ. ಅವೂ ಗಾಳಿ ಕುಡಿಯಲು ಮೇಲೆ ಬರುವುದರಿಂದ, ಮಳೆಯಿಲ್ಲದ ದಿನ ಕೆರೆಯ ಒಂದು ಮೊರದಗಲ ಜಾಗದಲ್ಲಿ ಮಾತ್ರ ತುಂತುರು ಬಿದ್ದಂತೆ ಕಾಣುತ್ತದೆ. ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಕೆಲವು ವಾರ ಈ ಕಾವಲು ನಡೆಯುತ್ತದೆ.

ಆ ತುಂತುರಿನ ಮೇಲೆ ಕಪ್ಪೆಯನ್ನು ಎಳೆದರೆ ದೊಡ್ಡ ಕೊರವ ತಪ್ಪದೆ ಹಾರುತ್ತದೆ. ಹಸಿವಿಗಲ್ಲ, ಮರಿಗಳನ್ನು ಉಳಿಸಲು. ಇದಕ್ಕಿಂತ ಸುಲಭವಾದ ಬೇಟೆ ಇಲ್ಲ. ಅದಕ್ಕೇ ಕೆಲವರು ಮಳೆಗಾಲಕ್ಕೆ ಕಾಯುತ್ತಾರೆ. ಕಾವಲು ಹೋದ ಕೂಡಲೇ ಆ ಮರಿಗಳನ್ನು ಇತರ ಮೀನು, ಹಾವು, ಕೊಕ್ಕರೆಗಳು ಮುಗಿಸುತ್ತವೆ. ಒಂದು ಮೀನಿನ ಆಸೆಗೆ ನೂರಾರು ಮೀನು ಹೋದಂತೆ. ನಮ್ಮ ಕಡೆಯ ಹಿರಿಯರು ತಮ್ಮ ಚಿಕ್ಕಂದಿನ ಕೆರೆಯಲ್ಲಿ ಕೊರವ ಹೇರಳವಾಗಿತ್ತೆನ್ನುತ್ತಾರೆ. ಹೂಳು, ಒತ್ತುವರಿ, ಊರಿನ ಕೊಳೆನೀರು ಎಂದು ಕಾರಣ ಹಲವಿವೆ, ಎಲ್ಲವೂ ನಿಮ್ಮ ಕೈಯಲ್ಲಿಲ್ಲ. ಇದೊಂದು ನಿಮ್ಮ ಕೈಯಲ್ಲಿದೆ. ತುಂತುರು ಕಂಡ ಕಡೆ ಗಾಳ ಹಾಕಕೂಡದು. ಅಮೆರಿಕದಲ್ಲಿ ಬಾಸ್ ಸ್ಪರ್ಧೆಗಳನ್ನು ಆರಂಭಿಸಿದ ರೇ ಸ್ಕಾಟ್ ಎಂಬುವರು, ಹಿಡಿದ ಮೀನನ್ನು ತೂಗಿ ಜೀವಂತ ನೀರಿಗೆ ಬಿಡಬೇಕೆಂಬ ಪದ್ಧತಿಯನ್ನು 1972ರಲ್ಲಿ ತಂದರು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ, ಕೊರವ ಉಣ್ಣುವ ಮೀನು. ಒಂದೂವರೆ ಗೇಣಿಗಿಂತ ಚಿಕ್ಕದನ್ನು ಒದ್ದೆ ಕೈಯಿಂದ ಹಿಡಿದು ಬಿಟ್ಟರೆ ಸಾಕು.

ಕೃಷಿ ಹೊಂಡದಲ್ಲಿ ಇದರ ಉಪಯೋಗ

ಹಗಲಿನಲ್ಲಿ ನೀರಿನ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದ್ದರಿಂದ ಹೊಂಡದ ನೀರಿನಲ್ಲಿ ಆಮ್ಲಜನಕ ಅತಿ ಕಡಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಎರಡು ಮೂರು ದಿನ ಮೋಡ ಕವಿದು, ಸಗಣಿ ಗೊಬ್ಬರವೂ ಹೆಚ್ಚಾಗಿದ್ದರೆ, ಆ ಹೊತ್ತಿನಲ್ಲಿ ಕಾಟ್ಲಾ, ರೋಹುಗಳು ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಗುಟುಕಿಗೂ ಇದಕ್ಕೂ ಇರುವ ವ್ಯತ್ಯಾಸ ಗಾಳದವನಿಗೆ ನೋಡಿದೊಡನೆ ತಿಳಿಯುತ್ತದೆ: ಕೊರವ ಒಮ್ಮೆ ಕುಡಿದು ಇಳಿಯುತ್ತದೆ, ಗೆಂಡೆಗಳು ಇಳಿಯುವುದೇ ಇಲ್ಲ, ಹೆಜ್ಜೆ ಸಪ್ಪಳಕ್ಕೂ ಬೆದರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಆಹಾರ ಹಾಕಲು ಬರುವವನಿಗೆ ಮೊದಲ ದಿನದ ಈ ಎಚ್ಚರಿಕೆ ಕಾಣಿಸದೆ ಹೋಗಬಹುದು. ಮರುದಿನ ಸತ್ತು ತೇಲುವ ಮೀನು ಕಾಣುತ್ತದೆ. ಲಕ್ಷಣ ಕಂಡ ಕೂಡಲೇ ಆಹಾರ, ಗೊಬ್ಬರ ಎರಡನ್ನೂ ನಿಲ್ಲಿಸಬೇಕು. ಹೊಸನೀರು ಬಿಡಬೇಕು, ಇಲ್ಲದಿದ್ದರೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮಳೆಯಂತೆ ಅದರ ಮೇಲೆಯೇ ಚಿಮ್ಮಿಸಬೇಕು.

ಹೊಂಡದಲ್ಲಿ ಕೊರವ ಇರಬೇಕೇ ಬೇಡವೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಬೆರಳುದ್ದದ ಗೆಂಡೆ ಮರಿ ಬಿಟ್ಟ ಹೊಂಡಕ್ಕೆ ಅದು ಕಳ್ಳ, ಗಾಳದಿಂದ ತೆಗೆಯಲೇಬೇಕು. ಜಿಲೇಬಿ ಮೀನು ತುಂಬಿದ ಹೊಂಡದ ಮಾತು ಬೇರೆ. ಜಿಲೇಬಿ ಅಲ್ಲಿಯೇ ಮರಿ ಮಾಡಿ ಮಾಡಿ, ಎಲ್ಲವೂ ಗಿಡ್ಡಾಗಿ, ತೂಕವೇ ಬರುವುದಿಲ್ಲ. ಅಲಬಾಮಾದ ಆಬರ್ನ್ ವಿಶ್ವವಿದ್ಯಾನಿಲಯದ ಎಚ್. ಎಸ್. ಸ್ವಿಂಗಲ್ ಅವರು 1930ರ ದಶಕದಿಂದ ರೈತರ ಹೊಂಡಗಳಲ್ಲಿ ನಡೆಸಿದ ಪ್ರಯೋಗಗಳಿಂದ ಇಂಥದೇ ವಿಷಯ ತಿಳಿದುಬಂದಿತ್ತು: ಗಾಳದವರು ಬಾಸ್‌ಗಳನ್ನೆಲ್ಲ ಹಿಡಿದುಬಿಟ್ಟರೆ ಬ್ಲೂಗಿಲ್ ಎಂಬ ಸಣ್ಣ ಮೀನು ಕಿಕ್ಕಿರಿದು ಕುಗ್ಗುತ್ತದೆ. ಜಿಲೇಬಿಯ ಹೊಂಡದಲ್ಲಿ ಒಂದೆರಡು ಕೊರವ ಉಳಿಸಿ, ಗಾಳಕ್ಕೆ ಎರೆಹುಳು ಚುಚ್ಚಿ ಜಿಲೇಬಿಯನ್ನೇ ಹಿಡಿಯುತ್ತಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಯಾವ ನೀರಿಗೂ ಮರಳಿ ಬಿಡಬೇಡಿ. ಅದರ ಸಾಕಣೆ ನಿಷಿದ್ಧ.

ಇನ್ನೆರಡು ಮಾತು. ಊರ ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನೋ ಪಂಚಾಯಿತಿಯನ್ನೋ ಕೇಳಿಯೇ ಗಾಳ ಹಾಕಬೇಕು. ಕಡಿದ ನೈಲಾನ್ ತುಂಡನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಿ. ದಂಡೆಯಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೋ ಮೇಯಲು ಬಂದ ದನದ ಗೊರಸಿಗೋ ಸುತ್ತಿಕೊಳ್ಳುತ್ತದೆ.

ಗಾಳದ ಆಸೆ ಹತ್ತಿದ ಮಕ್ಕಳನ್ನು ಪ್ಲಾಸ್ಟಿಕ್ ಹೊದಿಸಿದ ಹೊಂಡದ ಬಳಿಗೆ ಒಂಟಿಯಾಗಿ ಕಳಿಸಕೂಡದು. ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರಿಗೂ ಕಾಲೂರಿ ಮೇಲೆ ಬರಲು ಆಗುವುದಿಲ್ಲ. ಹೊಂಡದ ಸುತ್ತ ಬೇಲಿ ಹಾಕಿ. ಗಾಳ ಹಾಕಲು ಕೂರುವ ಮೊದಲು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕು ಬದಿಯಲ್ಲೂ ಗೂಟಕ್ಕೆ ಬಿಗಿದು, ತುದಿ ನೀರಿನಲ್ಲಿ ಮುಳುಗುವಂತೆ ಇಳಿಬಿಡಿ.